ಎಂಟು ಸೆಂಟಿಮೀಟರ್

ಗೇಣು ಮಾಸ್ತರ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅದು ಹೊಲಿಗೆ ಅಂಗಡಿಯ ಬೋರ್ಡಿನ ಮೇಲೆ ಬಿಸಿಲಿಗೆ ಮಾಸಿಹೋಗಿತ್ತು. ಈ ಗೇಣು ಮಾತ್ರ ಮಾಸಲೊಲ್ಲದು. ಆಳು ಐದಡಿ ಒಂದಿಂಚು. ಕತ್ತರಿ ಹಿಡಿದರೆ ಅವನನ್ನು ಮೀರಿಸುವವರಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎತ್ತರದ ಗಿರಾಕಿ ಕೋಟಿಗೆಂದು ಬಂದು ನಿಂತರೆ, ಮಾಸ್ತರ ಮೇಜಿನ ಕೆಳಗಿಂದ ಸ್ಟೂಲು ಎಳೆದು, ಅದರ ಮೇಲೆ ಹತ್ತಿ ಭುಜದ ಅಳತೆ ತೆಗೆಯಬೇಕು. ಗಿರಾಕಿ ಕನ್ನಡಿಯಲ್ಲಿ ನೋಡಿ ನಗು ನುಂಗುತ್ತಾನೆ. ಇಪ್ಪತ್ತು ವರ್ಷಗಳಿಂದ ಗಿರಾಕಿಗಳು ನುಂಗಿದ ಆ ನಗುಗಳನ್ನೆಲ್ಲ ಮಾಸ್ತರ ನೆನಪಿಟ್ಟುಕೊಂಡಿದ್ದ. ಹೊಟ್ಟೆಗೆ ಹಾಕಿಕೊಳ್ಳುವ ಗುಣ ಅವನದಲ್ಲ.

ಹೆಂಡತಿ ಅವನಿಗಿಂತ ಎತ್ತರ. ಮದುವೆಯಾಗಿ ಹನ್ನೊಂದು ವರ್ಷ. ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಅಡುಗೆ ಮುಗಿಸಿ ಬಂದಳೆಂದರೆ ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಇಸ್ತ್ರಿ ಮಾಡುವುದು ಎಲ್ಲ ಅವಳ ಪಾಲು. ಭುಜ ಮುಂದಕ್ಕೆ ತಂದು, ಕತ್ತು ತಗ್ಗಿಸಿ, ಏನೋ ಬಿದ್ದುಹೋದದ್ದನ್ನು ಹುಡುಕುವವಳ ಹಾಗೆ ನಡೆಯುತ್ತಿದ್ದಳು. ಗುಂಡಿ ಹೊಲಿದೂ ಹೊಲಿದೂ ಹಾಗಾಗಿದೆ ಎಂದು ಎಲ್ಲರೂ ತಿಳಿದಿದ್ದರು, ಮಾಸ್ತರನೂ.

ಒಂದು ಬೆಳಿಗ್ಗೆ ಹೊಸ ಗಿರಾಕಿಯೊಬ್ಬ ಒಳಗೆ ಬಂದ. ಮಾಸ್ತರ ಬಾಗಿಲಿಗೆ ಬೆನ್ನು ಹಾಕಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ.

"ಅಮ್ಮಾ, ಮಾಸ್ಟರ್ ಇಲ್ವಾ? ನಿಮ್ಮ ಮಗನ್ನ ಕಳಿಸಿ ಸ್ವಲ್ಪ ಕರೆಸ್ತೀರಾ?" ಎಂದು ಮೂಲೆಯಲ್ಲಿ ಕೂತಿದ್ದ ಮಾಸ್ತರನ ಹೆಂಡತಿಯನ್ನು ಕೇಳಿದ.

ಮಾಸ್ತರ ತಿರುಗಿದ. ನರೆತ ಮೀಸೆ ಕಂಡು ಗಿರಾಕಿಯ ಮುಖ ಹುಳ್ಳಗಾಯಿತು. ಬಾರದ ಫೋನನ್ನು ಕಿವಿಗಿಟ್ಟುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ. ಹೆಂಡತಿ ತಲೆ ಎತ್ತದೆ ಗುಂಡಿ ಹೊಲಿಯುತ್ತ ಕೂತಳು. ಅವಳು ನಕ್ಕುಬಿಟ್ಟಿದ್ದರೂ ಮಾಸ್ತರನಿಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಅದೇ ಮಧ್ಯಾಹ್ನ ಕಾಲು ಉದ್ದ ಮಾಡುವ ಡಾಕ್ಟರೊಬ್ಬರ ವಿಳಾಸ ಹುಡುಕಿ ತೆಗೆದ. ಹಣ ಎಲ್ಲಿಂದ ಬಂತು ಎನ್ನುವ ಕತೆ ಬೇಡ; ಪಟ್ಟು ಹಿಡಿದವನಿಗೆ ಅದು ಹೇಗೋ ಒದಗುತ್ತದೆ.

ಡಾಕ್ಟರು ಸುತ್ತುಬಳಸಿ ಮಾತಾಡುವವರಲ್ಲ. ಮೊಣಕಾಲಿನ ಕೆಳಗೆ ಎರಡೂ ಕಾಲಿನ ಮೂಳೆ ಕತ್ತರಿಸಿ, ಹೊರಗಿನಿಂದ ಉಕ್ಕಿನ ಬಳೆಗಳನ್ನು ಕೂರಿಸುತ್ತಾರೆ. ಬಳೆಗಳ ನಡುವಿನ ತಿರುಪನ್ನು ದಿನಕ್ಕೆ ನಾಲ್ಕು ಸಲ ತಿರುಗಿಸಿದರೆ ಮೂಳೆಯ ಸೀಳು ಒಂದು ಮಿಲಿಮೀಟರ್ ಅಗಲವಾಗುತ್ತದೆ, ಆ ಸಂದಿಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಇಷ್ಟು ಹೇಳಿ, "ಈಗ ನೀವು ಹೇಳಿ, ಎಷ್ಟು ಬೇಕು?" ಎಂದರು.

"ನೀವೆಷ್ಟು ಕೊಡ್ತೀರಿ ಸಾರ್?"

"ಐದು ಸೆಂಟಿಮೀಟರ್. ಅಷ್ಟಕ್ಕೆ ನಿಲ್ಲಿಸಿದ್ರೆ ಮುಂಚಿನ ಹಾಗೆ ನಡೀತೀರಿ."

"ಐದು ಅಂದ್ರೆ ಎರಡಿಂಚೂ ಆಗಲ್ವಲ್ಲ! ಪ್ಯಾಂಟಿನ ಮಡಿಕೆಗೇ ಅಷ್ಟು ಬಟ್ಟೆ ಬಿಡ್ತೀನಿ ನಾನು."

"ಬಟ್ಟೆ ಬೇರೆ, ಕಾಲು ಬೇರೆ. ಮೂಳೆ ಬೆಳೆಯುತ್ತೆ. ಸ್ನಾಯು, ನರ ಅಷ್ಟು ಬೇಗ ಬೆಳೆಯಲ್ಲ, ಬಿಗಿದುಕೊಳ್ಳುತ್ತವೆ. ಮೆಷಿನ್ ತುಳಿಯೋರು ಅಂದ್ರಲ್ಲ ನೀವು? ಹಿಮ್ಮಡಿ ನೆಲಕ್ಕೆ ತಾಗೋದು ನಿಂತ ದಿನ ತಿರುಪೂ ನಿಲ್ಲಬೇಕು. ಇಲ್ಲಾಂದ್ರೆ ಆಮೇಲೆ ತುದಿಗಾಲಲ್ಲೇ ಬಾಳ್ವೆ. ಮನೇಲಿ ಯೋಚಿಸಿ ಒಂದು ಅಂಕಿ ತನ್ನಿ."

ಅಂಕಿ ಬಂದದ್ದು ಯೋಚನೆಯಿಂದಲ್ಲ, ಟೇಪಿನಿಂದ. ಮನೆಗೆ ಬಂದವನೇ ಮಾಸ್ತರ ಹೆಂಡತಿಯನ್ನು ಅಂಗಡಿಯ ನಡುವೆ ನಿಲ್ಲಿಸಿ, ಸ್ಟೂಲು ಹತ್ತಿ, ಅವಳ ನೆತ್ತಿಯ ಮೇಲೆ ಅಡಿಕೋಲು ಅಡ್ಡ ಇಟ್ಟ. ಜೀವಮಾನವೆಲ್ಲ ಇಂಚಿನ ಬದಿಯನ್ನೇ ನೋಡಿದ್ದವನು ಟೇಪನ್ನು ಮೊದಲ ಸಲ ಸೆಂಟಿಮೀಟರಿನ ಬದಿಗೆ ತಿರುಗಿಸಿ ಹಿಡಿದ.

ಇಲ್ಲಿ ಅವನ ಕಸುಬಿನ ಒಂದು ಕಟ್ಟುಪಾಡು ಹೇಳಬೇಕು. ಅಳತೆಗೆ ನಿಂತವರಿಗೆ ಮಾಸ್ತರ ಎಂದೂ 'ನೆಟ್ಟಗೆ ನಿಲ್ಲಿ' ಅಂದವನಲ್ಲ. ನೆಟ್ಟಗೆ ನಿಲ್ಲಿಸಿ ತೆಗೆದ ಅಳತೆ ಅಂಗಡಿಯೊಳಗೆ ಮಾತ್ರ ಸರಿ. ಆಸಾಮಿ ಮನೆಗೆ ಹೋಗಿ ತನ್ನ ಪಾಡಿಗೆ ತಾನು ನಿಂತ ಕೂಡಲೇ ಕೋಟು ಜೋತುಬೀಳುತ್ತದೆ. ಮೈ ಹೇಗೆ ನಿಲ್ಲುತ್ತದೋ ಹಾಗೇ ಅಳೆಯಬೇಕು ಎಂದು ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಹೆಂಡತಿಯನ್ನೂ ಹಾಗೇ ಅಳೆದ. ನೂರಾ ಅರವತ್ತಮೂರು ಬಂತು. ಅವನದು ನೂರಾ ಐವತ್ತೈದು.

"ಎಂಟು," ಎಂದು ಸ್ಟೂಲಿನಿಂದ ಇಳಿದ.

"ಡಾಕ್ಟರು ಐದು ಅಂದ್ರು ಅಂತ ನೀವೇ ಹೇಳಿದ್ರಲ್ಲ ರೀ?"

"ಐದು ಹಾಕಿದ್ರೆ ಮೂರು ಉಳಿಯುತ್ತಲ್ಲೇ. ಇಷ್ಟೆಲ್ಲ ಮಾಡಿಸ್ಕೊಂಡೂ ಗೇಣಾಗೇ ಇರ್ಬೇಕಾ ನಾನು? ನಿನ್ನ ಸಮಕ್ಕೆ ಬರ್ಬೇಕು. ಒಂದು ನೂಲು ಹೆಚ್ಚು ಬೇಡ, ಒಂದು ನೂಲು ಕಡಿಮೆ ಬೇಡ."

ಅವಳು ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಗೆಲುವಿತ್ತು. ಆ ಗೆಲುವಿಗೆ ಕಲ್ಲು ಹಾಕಲು ಮನಸ್ಸು ಬಾರದೆ ಸುಮ್ಮನಾದಳು. ಅವತ್ತು ಆಡಬೇಕಿದ್ದ ಮಾತು ಅದೊಂದೇ ಆಗಿತ್ತು.

ಎಂಟು ಎಂದು ಕೇಳಿ ಡಾಕ್ಟರು ಬೇಡವೆಂಬಂತೆ ತಲೆ ಆಡಿಸಿದರು. ಐದಾಗಲಿ, ಆಮೇಲೆ ಹಿಮ್ಮಡಿ ನೋಡಿ ಮಾತಾಡೋಣ ಎಂದು ಕಾಗದಕ್ಕೆ ರುಜು ಹಾಕಿಸಿಕೊಂಡರು. ಆಪರೇಷನ್ ಆಯಿತು. ಎರಡೂ ಕಾಲಿಗೆ ಉಕ್ಕಿನ ಪಂಜರ ಹೊತ್ತು ಮಾಸ್ತರ ಮನೆಗೆ ಬಂದ. ಅಂಗಡಿಯ ಬಾಗಿಲು ಅರ್ಧ ಮುಚ್ಚಿತು. ಹಳೆಯ ಗಿರಾಕಿಗಳ ಹರಿದದ್ದು ಬಿಚ್ಚಿದ್ದನ್ನು ಅವಳೇ ಹೊಲಿದುಕೊಟ್ಟಳು.

ತಿರುಪು ತಿರುಗಿಸುವ ಕೆಲಸ ಅವಳದೇ ಆಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಪುಟ್ಟ ಸ್ಪ್ಯಾನರ್ ಹಿಡಿದು ಮಂಚದ ಬದಿಗೆ ಮಂಡಿಯೂರಿ ಕೂರುತ್ತಿದ್ದಳು. ತಿರುಗಿಸುವಾಗ ನೋವಿರಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಶುರುವಾಗುತ್ತಿತ್ತು. ಮೀನಖಂಡ ಹಗ್ಗದ ಹಾಗೆ ಬಿಗಿದು, ಮಾಸ್ತರ ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. ಬಳೆಗಳನ್ನು ಮೂಳೆಗೆ ಹಿಡಿದಿದ್ದ ಕಂಬಿ ಚುಚ್ಚಿದ ಕಡೆಗಳನ್ನು ಅವಳು ದಿನವೂ ತೊಳೆದು ಒರೆಸುತ್ತಿದ್ದಳು. ಹನ್ನೊಂದು ವರ್ಷಗಳಲ್ಲಿ ಅವರಿಬ್ಬರೂ ಇಷ್ಟು ಹೊತ್ತು ಹತ್ತಿರ ಕೂತದ್ದಿಲ್ಲ. ಅದೂ ಮಾತಿಲ್ಲದೆಯೇ ಕಳೆಯಿತು.

ತಿರುಪು ಶುರುವಾದ ಐವತ್ತನೇ ದಿನ ಡಾಕ್ಟರು ಎಕ್ಸ್-ರೇ ನೋಡಿ, "ಐದಾಯ್ತು. ನಾನಾಗಿದ್ರೆ ಇಲ್ಲಿಗೇ ನಿಲ್ಲಿಸ್ತಿದ್ದೆ," ಎಂದರು. ಹಿಮ್ಮಡಿ ಇನ್ನೂ ನೆಲದ ಮೇಲಿತ್ತು. ಮಾಸ್ತರ ಅದನ್ನೇ ತೋರಿಸಿ ಪಾರಾದ. ಐವತ್ತಾರನೇ ದಿನ ಅದೂ ಎದ್ದಿತು. ವಾಕರ್ ಹಿಡಿದು ನಿಂತರೆ ಹಿಮ್ಮಡಿಗೂ ನೆಲಕ್ಕೂ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಮಾಸ್ತರ ಮಂಚದ ಮೇಲೆ ಕೂತು ದಪ್ಪ ಬಟ್ಟೆಯ ನಾಲ್ಕು ಪದರ ಸೇರಿಸಿ ಹೊಲಿದು, ಎರಡು ಮೆತ್ತೆ ಮಾಡಿ ಚಪ್ಪಲಿಯ ಹಿಂಭಾಗಕ್ಕೆ ಕೂರಿಸಿಕೊಂಡ. ಎಷ್ಟು ಅಚ್ಚುಕಟ್ಟಾದ ಹೊಲಿಗೆ! ಅಂಥ ಕೈಗೆ ಇಂಥ ಬುದ್ಧಿ. ಡಾಕ್ಟರು ಫೋನಿನಲ್ಲಿ ಕೇಳಿದಾಗ, "ಚೆನ್ನಾಗಿ ತಾಗ್ತಿದೆ ಸಾರ್," ಎಂದ. ಮುಂದಿನ ತಪಾಸಣೆಗೆ ಜ್ವರದ ನೆಪ ಹೇಳಿದ.

ಅವಳು ಸ್ಪ್ಯಾನರನ್ನು ಮಂಚದ ಮೇಲಿಟ್ಟಳು. "ನಾನು ತಿರುಗಿಸಲ್ಲ ರೀ. ಸಾಕು."

"ಇನ್ನು ಇಪ್ಪತ್ನಾಲ್ಕು ದಿನ ಕಣೇ."

"ಆಮೇಲೆ ಮೆಷಿನ್ ಯಾರು ತುಳೀತಾರೆ? ಯಾರಿಗೆ ಬೇಕಾಗಿದೆ ಈ ಎತ್ತರ?"

"ನಿನಗೆ ಬೇಡ, ಗೊತ್ತು ಬಿಡು," ಎಂದ ಮಾಸ್ತರ. "ನಾನು ಕುಳ್ಳನಾಗೇ ಇದ್ರೆ ನಿನಗೆ ಸುಖ. ಪಕ್ಕದಲ್ಲಿ ನಿಂತು ಎತ್ತರ ಕಾಣಿಸ್ಬಹುದಲ್ಲ!"

ಇಂಥ ಮಾತು ಬೇರೆ ಯಾರಿಗಾದರೂ ಆಡಬಹುದಿತ್ತು, ಇವಳಿಗಲ್ಲ. ಅವಳು ಸ್ಪ್ಯಾನರ್ ತೆಗೆದುಕೊಂಡು ತಿರುಪು ತಿರುಗಿಸಿದಳು. ಅಲ್ಲಿಂದ ಮುಂದೆ ಒಂದು ಸಲವೂ ಬೇಡ ಅನ್ನಲಿಲ್ಲ. ಬೇಡ ಅನ್ನದಿರುವುದರಲ್ಲೂ ಒಂದು ಸಿಟ್ಟಿರುತ್ತದೆ. ಅದು ಅವಳ ಬೆರಳುಗಳಲ್ಲಿ ಇತ್ತು.

ಎಂಬತ್ತನೇ ದಿನ ಕೊನೆಯ ತಿರುಪು ಮುಗಿಯಿತು. ಮಾಸ್ತರ ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಾಕರ್ ತಳ್ಳುತ್ತ ಅಂಗಡಿಗೆ ಬಂದ. ಗಿರಾಕಿಗಳು ಹಾಕಿ ನೋಡುವ ಆಳೆತ್ತರದ ಕನ್ನಡಿಯ ಮುಂದೆ ನಿಂತ. ಹಿಮ್ಮಡಿ ಎರಡೂ ಪದರದ ಮೇಲೆ ಪದರ ಸೇರಿಸುತ್ತ ಬಂದ ಮೆತ್ತೆಯ ಮೇಲೆ. ಮೆತ್ತೆ ಕೊಟ್ಟ ಎತ್ತರವನ್ನು ಬಿಗಿದು ಬಾಗಿದ ಮಂಡಿಗಳು ನುಂಗಿದ್ದವು, ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಬಾ, ಪಕ್ಕಕ್ಕೆ ನಿಲ್ಲು."

ಅವಳು ಎಂದಿನ ಹಾಗೆ ಬಂದು ನಿಂತಳು. ಕನ್ನಡಿಯಲ್ಲಿ ಇಬ್ಬರ ತಲೆಯೂ ಸಮನಾಗಿತ್ತು. ಮಾಸ್ತರನ ಕಣ್ಣು ತುಂಬಿತು. ಖುಷಿಯಲ್ಲಿ, ಇಡೀ ಜೀವಮಾನದಲ್ಲಿ ಯಾರಿಗೂ ಹೇಳದ ಮಾತೊಂದನ್ನು ಹೇಳಿಬಿಟ್ಟ: "ತಲೆ ಎತ್ತೇ, ನೆಟ್ಟಗೆ ನಿಲ್ಲು. ಇನ್ನೇನು ನಾಚಿಕೆ?"

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ನೆಟ್ಟಗೆ ನಿಂತಳು.

ಭುಜ ಹಿಂದಕ್ಕೆ ಸರಿಯಿತು, ಕತ್ತು ಮೇಲೆ ಬಂತು, ಬೆನ್ನು ಬಿಚ್ಚಿಕೊಂಡಿತು. ಕನ್ನಡಿಯಲ್ಲಿ ಮಾಸ್ತರ ಅವಳ ಹಣೆಯ ಮಟ್ಟಕ್ಕೆ ಇಳಿದ. ಮೊದಲು ಅವಳೇನೋ ತಮಾಷೆಗೆ ತುದಿಗಾಲಲ್ಲಿ ನಿಂತಿದ್ದಾಳೆ ಎಂದುಕೊಂಡ. ಕೆಳಗೆ ನೋಡಿದರೆ ತುದಿಗಾಲಲ್ಲಿ ನಿಂತಿದ್ದವನು ತಾನೇ. ಆಮೇಲೆ ಅವಳ ಗೌನಿನ ಮೇಲೆ ಕಣ್ಣು ಬಿತ್ತು. ಬೆನ್ನಿನಲ್ಲಿ ಬಟ್ಟೆ ಹೆಚ್ಚಾಗಿ ಸುಕ್ಕುಗಟ್ಟಿತ್ತು, ಎದೆಯ ಕಡೆ ಕಡಿಮೆಯಾಗಿ ಮುಂದಿನ ಅಂಚು ಮೇಲೆದ್ದಿತ್ತು. ಹೊಲಿದವನು ಅವನೇ. ಬಾಗಿದ ಬೆನ್ನಿಗೆಂದು ಕತ್ತರಿಸಿದ್ದ ಬಟ್ಟೆ, ನೆಟ್ಟಗಿನ ಮೈಮೇಲೆ ಕೂರಲು ಒಪ್ಪುತ್ತಿರಲಿಲ್ಲ. ಹನ್ನೊಂದು ವರ್ಷ ಅವಳಿಗೆ ಹೊಲಿದದ್ದೆಲ್ಲ ಇನ್ನಾರದೋ ಅಳತೆ.

"ಯಾವಾಗಿಂದ?" ಎಂದ.

"ಮದುವೆ ದಿನದಿಂದ. ಫೋಟೋ ತೆಗೆಯೋವಾಗ ನಿಮ್ಮಕ್ಕ, 'ಸ್ವಲ್ಪ ಬಗ್ಗಮ್ಮಾ' ಅಂದ್ರು. ಬಗ್ಗಿದೆ. ಆಮೇಲೆ ಯಾರೂ ಏಳು ಅನ್ನಲೇ ಇಲ್ಲ."

ಆ ಮಾತಿಗೆ ಬೇರೆ ಯಾರಾದರೂ ಆಗಿದ್ದರೆ ಅವಳ ಕೈ ಹಿಡಿಯುತ್ತಿದ್ದರು. ಮಾಸ್ತರ ಕನ್ನಡಿಯಲ್ಲಿ ಕಣ್ಣಳತೆ ಹಾಕುತ್ತಿದ್ದ.

"ಇನ್ನೊಂದು ನಾಲ್ಕು ಸೆಂಟಿಮೀಟರ್," ಎಂದ. "ನಲವತ್ತು ದಿನ. ಸ್ಪ್ಯಾನರ್ ತಾ."

"ಕೆಳಗೆ ನೋಡ್ಕೊಳ್ಳಿ ರೀ."

ಅವಳು ಬಗ್ಗಿ, ಅವನ ಚಪ್ಪಲಿಗಳಿಂದ ಎರಡೂ ಮೆತ್ತೆಗಳನ್ನು ಎಳೆದು ತೆಗೆದಳು. ಹಿಮ್ಮಡಿಗಳು ಗಾಳಿಯಲ್ಲಿ ನಿಂತವು. ಒಂದು ಬೆರಳಿನ ಜಾಗ ಈಗ ನಾಲ್ಕು ಬೆರಳಿಗೆ ಬಂದಿತ್ತು. ಪಕ್ಕದಲ್ಲೇ ಹೊಲಿಗೆ ಮೆಷಿನ್ನಿನ ಪೆಡಲು. ಮಾಸ್ತರ ವಾಕರ್ ಹಿಡಿದುಕೊಂಡೇ ಒಂದು ಪಾದವನ್ನು ಅದರ ಮೇಲಿಟ್ಟು ಹಿಮ್ಮಡಿ ಒತ್ತಲು ನೋಡಿದ. ಒತ್ತಿದ. ಮತ್ತೆ ಒತ್ತಿದ. ಬೆರಳುಗಳು ಮಾತ್ರ ಪೆಡಲನ್ನು ಗೀರಿದವು. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

"ಬಗ್ಗೇ," ಎಂದ ಸಣ್ಣ ದನಿಯಲ್ಲಿ. "ಮುಂಚಿನ ಹಾಗೆ ಒಂದು ಸಲ ನಿಲ್ಲು. ಒಂದೇ ಸಲ ನೋಡ್ಕೊತೀನಿ."

"ಆಗಲ್ಲ ರೀ," ಎಂದಳು ಅವಳು. ಸಿಟ್ಟಿರಲಿಲ್ಲ. "ಬೆನ್ನು ನೋಯುತ್ತೆ."

ಅವಳು ಒಳಗೆ ಹೋದಳು. ಮಾಸ್ತರ ಕನ್ನಡಿಯ ಮುಂದೆ ತುದಿಗಾಲಲ್ಲಿ, ಹಿಂದಕ್ಕೆ ತಿರುಗಲೂ ಆಗದೆ ನಿಂತಿದ್ದ. ಒಳಗಿನಿಂದ ಅವಳು ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು.

"ಇಪ್ಪತ್ನಾಲ್ಕು ದಿನದಿಂದ ನೆಲಕ್ಕೆ ತಾಗ್ತಿಲ್ಲ ಸಾರ್... ಇಲ್ಲ, ನಿಲ್ಲಿಸಲಿಲ್ಲ... ಮೆಷಿನ್ ತುಳಿಯೋಕೆ ಮತ್ತೆ ಆಗುತ್ತಾ ಸಾರ್?"

ಆ ಕಡೆ ಡಾಕ್ಟರ ದನಿ ಏರಿದ್ದು ಕನ್ನಡಿಯ ತನಕ ಕೇಳಿಸಿತು.

"ಹೌದು ಸಾರ್," ಎಂದಳು ಕೊನೆಗೆ, "ನಾನೇ ತಿರುಗಿಸಿದ್ದು."