ಪಿಂಟೋ ಲಾಡ್ಜಿನ ಕುಂಟು ಕುದುರೆ

ಶನಿವಾರ ಸಂಜೆಯಿಂದ ಪಿಂಟೋ ಲಾಡ್ಜಿನ ಕುದುರೆ ಕುಂಟುತ್ತಿದೆ. ಆಲ್ಬುಕರ್ಕಿ ಊರಿನ ಸೆಂಟ್ರಲ್ ಅವೆನ್ಯೂ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಫಲಕದ ಮೇಲಿನ ಆ ನಿಯಾನ್ ದೀಪದ ಕುದುರೆ ಗೊತ್ತು. ಕತ್ತಲಾಗುತ್ತಲೇ ಗಾಜಿನ ಕೊಳವೆಗಳು ಒಂದಾದ ಮೇಲೊಂದು ಹೊತ್ತಿ ಅದು ನಾಗಾಲೋಟದಲ್ಲಿ ಓಡುವಂತೆ ಕಾಣುತ್ತದೆ. ಈಗ ಒಂದು ಮುಂಗಾಲು ಹೊತ್ತುವುದಿಲ್ಲ. ಯಾರೋ ಹಿಂದೆ ಕೈ ತೂರಿಸಿ ಕೊಳವೆ ಮುರಿದಿದ್ದಾರೆ. ಕೆಲವರು ಅಯ್ಯೋ ಪಾಪ ಎನ್ನುತ್ತಾರೆ, ಕೆಲವರು ನಿಂತು ನಗುತ್ತಾರೆ. ಎರ್ಲಿಂಡಾ ಸೆದಿಯೊ ಮಾತ್ರ ಆ ಕಡೆ ತಲೆಯೇ ಹಾಕುವುದಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮುಗಿಸಿದ ಮೇಲೆ ನೆಟ್ಟಗಿನ ದಾರಿ ಬಿಟ್ಟು, ಹಿಂದಿನ ಬೀದಿಗಳಲ್ಲಿ ಸುತ್ತು ಹೊಡೆದು ಮನೆಗೆ ಹೋಗುತ್ತಾಳೆ. ಮುರಿದದ್ದು ಅವಳ ಕೈಯಲ್ಲ. ಆದರೆ ಆ ಕೈ ಅಲ್ಲಿಗೆ ಹೋಗುವ ಹಾಗೆ ಮಾಡಿದ್ದು ಅವಳೇ. ಅದು ಅವಳೊಬ್ಬಳಿಗೇ ಗೊತ್ತು.

ಇದಕ್ಕೆಲ್ಲ ಮೂಲ ಡಬ್ಬಿ ಹುಡುಕುವ ಒಂದು ಆಟ. ಅದು ಎಲಿಸೆಯೊ ಟಫೋಯಾ ಎಂಬ ಹಿರಿಯರದ್ದು. ಆಯುಷ್ಯವೆಲ್ಲ ಇದೇ ರಸ್ತೆಯಲ್ಲಿ ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ, ಹಳೆಯ ನಿಯಾನ್ ಫಲಕಗಳ ಆಸುಪಾಸಿನಲ್ಲಿ ಪುಟ್ಟ ಪುಟ್ಟ ಡಬ್ಬಿಗಳನ್ನು ಅಡಗಿಸಿಟ್ಟರು. ಫೋನಿನ ಜಿಪಿಎಸ್ ಜಾಗದ ಹತ್ತಿರಕ್ಕೆ ಕರೆದೊಯ್ಯುತ್ತದೆ; ಆಮೇಲಿನದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಡಬ್ಬಿ ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು, ಆಟದ ವೆಬ್‌ಸೈಟಿನಲ್ಲಿ ‘ಸಿಕ್ಕಿತು’ ಎಂದು ಹಾಕಬೇಕು. ಅಷ್ಟೇ. ನಿಧಿಯೂ ಇಲ್ಲ, ಮಣ್ಣೂ ಇಲ್ಲ. ಆದರೂ ಎಲ್ಲೆಲ್ಲಿಂದಲೋ ಜನ ಕಾರು ಹತ್ತಿ ಬರುತ್ತಾರೆ. ಡಬ್ಬಿ ಇಡುವ ಮೊದಲು ಹಿರಿಯರು ಒಂದೊಂದು ಬಾಗಿಲಿಗೂ ಹೋಗಿ, ಟೊಪ್ಪಿಗೆ ತೆಗೆದು ಮಾತು ಕೊಟ್ಟಿದ್ದರು: ಡಬ್ಬಿ ಯಾವಾಗಲೂ ನೆಲದ ಮಟ್ಟದಲ್ಲೇ ಇರುತ್ತದೆ, ಫಲಕಕ್ಕೆ ಯಾರ ಬೆರಳೂ ತಾಗುವುದಿಲ್ಲ.

ಗಂಡ ತೀರಿಕೊಂಡ ವರ್ಷ ಪರದೆ ಎಳೆದುಕೊಂಡು ಮನೆಯೊಳಗೇ ಬಿದ್ದಿದ್ದ ಎರ್ಲಿಂಡಾಳನ್ನು ಬೀದಿಗೆ ಎಳೆದು ತಂದವರೂ ಅವರೇ. ಅರವತ್ತರ ಹತ್ತಿರದ ಹೆಂಗಸನ್ನು ಮಗಳೇ ಎಂದು, ‘ಮಿಹಾ’ ಎಂದು ಕರೆಯಲು ಈ ಊರಿನಲ್ಲಿ ಅವಳಿಗೆ ಇನ್ಯಾರೂ ಉಳಿದಿರಲಿಲ್ಲ. ಅವಳು ಅವರನ್ನು ಗೌರವದಿಂದ ‘ದೋನ್’ ಎನ್ನುವಳು. ಹಾಳಾದ ಡಬ್ಬಿ ಕಂಡರೆ ಬದಲಿಸು ಎಂದು ತಾವೇ ನೀಲಿ ಬಣ್ಣ ಬಳಿದ, ಅಯಸ್ಕಾಂತ ಅಂಟಿಸಿದ ಕೆಲವು ಡಬ್ಬಿಗಳನ್ನೂ ಕೊಟ್ಟಿದ್ದರು. ಅಷ್ಟು ನಂಬಿಕೆ.

ಬೇಸಿಗೆಯ ಮೊದಲಿಗೆ ಎಲ್ಲ ಡಬ್ಬಿಗಳೂ ಅವಳಿಗೆ ಸಿಕ್ಕಿದ್ದವು, ಪಿಂಟೋ ಲಾಡ್ಜಿನದು ಬಿಟ್ಟು. ಮಾರನೆಯ ದಿನವೇ ಹಿರಿಯರ ಅಂಗಳದಲ್ಲಿ ಊಟ; ಪೂರ್ತಿ ಮಾಡಿದವರಿಗೆ ಅವರು ಎಲ್ಲರೆದುರು ತಗಡಿನ ಪದಕ ಚುಚ್ಚುತ್ತಾರೆ. ಮುಗಿಸಿಯೇ ಬರುತ್ತೇನೆ ಎಂದು ಇವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅಂಚೆಪೆಟ್ಟಿಗೆಯ ಬುಡ, ಗೋಡೆಯ ಸಂದು, ಕಳ್ಳಿಯ ಕುಂಡ ಎಲ್ಲ ತಡಕಾಡಿದಳು. ಡಬ್ಬಿ ಕಳೆದುಹೋಗಿರಬೇಕು. ಒಂದು ಫೋನು ಮಾಡಿದ್ದರೆ ಅವರೇ ಬಂದು ಹೊಸದು ಇಡುತ್ತಿದ್ದರು. ಮಾಡಲಿಲ್ಲ, ದೊಡ್ಡಸ್ತಿಕೆ ಅಡ್ಡ ಬಂತು. ಚೀಲದಲ್ಲಿದ್ದ ನೀಲಿ ಡಬ್ಬಿಯೊಂದನ್ನು ತೆಗೆದು, ಫೋನಿನ ಮುಳ್ಳು ತೋರಿಸಿದ ಕಡೆಗೆ, ಕುದುರೆಯ ಕಾಲಿನ ಹಿಂದೆಯೇ ಅಂಟಿಸಿ, ಮನೆಗೆ ಹೋಗಿ ‘ಸಿಕ್ಕಿತು’ ಎಂದು ಹಾಕಿದಳು. ತಾನೇ ಇಟ್ಟು ತಾನೇ ಸಿಕ್ಕಿತು ಎನ್ನುವುದು ಈ ಆಟದಲ್ಲಿ ಹೇಸಿಗೆಯ ಕೆಲಸ. ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಾಳೆ ನಾಡಿದ್ದರಲ್ಲಿ ತೆಗೆದರಾಯಿತು ಎಂದುಕೊಂಡಳು, ಆ ನಾಳೆ ಬರಲಿಲ್ಲ. ಬಂದವರೆಲ್ಲ ಕುದುರೆಯ ಹಿಂದೆ ಕೈ ಹಾಕತೊಡಗಿದರು. ಎಲ್ಲರಿಗೂ ಸಿಗುತ್ತಿದೆಯಲ್ಲ ಎಂದು ಮೊಣಕಾಲು ನೋವಿನ ಹಿರಿಯರು ಹೋಗಿ ನೋಡಲೂ ಇಲ್ಲ.

ಕಾಲು ಮುರಿದ ಮಾರನೆಯ ದಿನ ಎರ್ಲಿಂಡಾ ಅವರ ಅಂಗಳದಲ್ಲಿ ಸುಟ್ಟ ಹಸಿಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ ಕುಳಿತಿದ್ದಳು. ಗೇಟು ತೆರೆದುಕೊಂಡು ಲಾಡ್ಜಿನ ಒಡತಿ ಹನ್ಸಾಬೆನ್ ಬಂದಳು. ಕೂಗಾಡಲಿಲ್ಲ, ಕೂಗಾಡಿದ್ದರೆ ಒಳ್ಳೆಯದಿತ್ತು. ನೀಲಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು.

“ಟಫೋಯಾ ಅಣ್ಣ, ಇದು ನಿಮ್ಮದಾ?”

“ನಂದೇ. ಬಣ್ಣ ನಾನೇ ಬಳಿದಿದ್ದು.”

“ಕುದುರೆ ಕಾಲಿನ ಹಿಂದೆ ಇತ್ತು. ನಮ್ಮ ಮಾವ ಈ ದೇಶಕ್ಕೆ ಬಂದ ಮೇಲೆ ಮೊದಲು ರಿಪೇರಿ ಮಾಡಿಸಿದ್ದು ಆ ಲೈಟನ್ನ, ಆಮೇಲೆ ಮನೆ ಸೂರನ್ನ. ನೀವು ಮಾತು ಕೊಟ್ಟಿದ್ರಿ. ನಾನು ನಂಬಿದ್ದೆ.”

ಹಿರಿಯರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ನಾನು ಅಂಚೆಪೆಟ್ಟಿಗೆ ಕೆಳಗಲ್ವಾ ಇಟ್ಟಿದ್ದು…” ಎಂದು ತಮ್ಮಷ್ಟಕ್ಕೆ ಗೊಣಗಿದರು. ಆಮೇಲೆ ಎದ್ದು ನಿಂತರು. “ತಪ್ಪಾಯ್ತು ತಂಗಿ. ಹೇಗಾಯ್ತೋ ನನಗೇ ತಿಳೀತಿಲ್ಲ. ಡಬ್ಬಿ ನಂದು ಅಂದ್ಮೇಲೆ ತಪ್ಪೂ ನಂದೇ. ಗಾಜಿನವನನ್ನ ನಾನೇ ಕರೆಸ್ತೀನಿ.”

ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಎರ್ಲಿಂಡಾ ತನಗೆ ತಾನೇ ಹೇಳಿಕೊಂಡಳು. ಮೆಣಸಿನಕಾಯಿಗೆ ಕೈಯೆಲ್ಲ ಉರಿಯುತ್ತಿತ್ತು. ಬಾಯಿ ತೆರೆದಳು. “ಕಾಫಿ ಕುಡೀತೀರಾ?” ಎಂದಳು.

ಕಾಫಿಯಂತೆ ಕಾಫಿ! ಹನ್ಸಾಬೆನ್ ಬೇಡವೆಂದು ತಲೆಯಾಡಿಸಿ ಹೋದಳು. ಆ ಮಾತು ನೆನಪಾದಾಗಲೆಲ್ಲ ಎರ್ಲಿಂಡಾಳಿಗೆ ತನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಎನಿಸುತ್ತದೆ.

ಬುಧವಾರ ಹಿರಿಯರೇ ಫೋನು ಮಾಡಿ ಬರಹೇಳಿದರು. ಹೋಗಿ ನೋಡಿದರೆ ಅಂಗಳದಲ್ಲಿ ಅವರ ಹಳೆಯ ಟ್ರಕ್ ಇಲ್ಲ.

“ಬರ್ನಿಸ್ ತಗೊಂಡು ಹೋದ್ಲು,” ಎಂದರು. ಬರ್ನಿಸ್ ಅವರ ಮಗಳು. “ನಾನೇ ಕೀ ಕೊಟ್ಟೆ. ಡಬ್ಬಿ ಎಲ್ಲಿಟ್ಟೆ ಅನ್ನೋದೇ ನೆನಪಿಲ್ಲದವನು ರಸ್ತೇಲಿ ಯಾರನ್ನ ಗುದ್ದುತ್ತಾನೋ ಏನೋ. ಶುಕ್ರವಾರ ತಲೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳಂತೆ. ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು ಮಿಹಾ. ಮೊದಲು ಚಮಚ ಎಲ್ಲಿಟ್ಟೆ ಅಂತಿದ್ಲು. ಕೊನೆಗೆ ನನ್ನೇ ನೋಡಿ, ನೀನ್ಯಾರಪ್ಪಾ ಅಂದ್ಲು.”

ಎರ್ಲಿಂಡಾ ಕುರ್ಚಿ ಎಳೆದು ಕುಳಿತಳು. ಮುರಿದದ್ದು ಒಂದು ಕೊಳವೆ ಮಾತ್ರ ಎಂದುಕೊಂಡಿದ್ದಳು ಇಷ್ಟು ದಿನ.

ಮೇಜಿನ ಮೇಲೆ ಕಂಪ್ಯೂಟರ್ ತೆರೆದಿತ್ತು. “ಎಲ್ಲ ಡಬ್ಬೀನೂ ನಿಂಗೆ ದತ್ತು ಕೊಡ್ತಿದೀನಿ,” ಎಂದರು ಹಿರಿಯರು. ಆಡಲಾಗದವರು ತಮ್ಮ ಡಬ್ಬಿಗಳನ್ನು ಹೀಗೆ ಇನ್ನೊಬ್ಬರ ಹೆಸರಿಗೆ ಮಾಡುವ ಪದ್ಧತಿ ಉಂಟು. “ನಾನು ಕಳಿಸಿ ಆಯ್ತು. ನೀನು ಇಲ್ಲಿ ಒಪ್ಪಿಗೆ ಅಂತ ಒತ್ತಿದ್ರೆ ಮುಗೀತು. ಹನ್ಸಾಗೂ ಹೇಳಿದೀನಿ, ಎರ್ಲಿಂಡಾ ನೋಡ್ಕೊಂಡ್ರೆ ಇಂಥದ್ದು ಆಗಲ್ಲ ಅಂತ.”

“ದೋನ್ ಎಲಿಸೆಯೊ, ಆ ಡಬ್ಬಿ ಇಟ್ಟಿದ್ದು ನೀವಲ್ಲ. ನಾನು.”

ಅಷ್ಟು ಹೊರಬಿದ್ದ ಮೇಲೆ ಉಳಿದದ್ದು ತಡೆಯಲಿಲ್ಲ. ಪದಕ, ದೊಡ್ಡಸ್ತಿಕೆ, ಚೀಲದಲ್ಲಿದ್ದ ಡಬ್ಬಿ, ಸುಳ್ಳು ‘ಸಿಕ್ಕಿತು’ ಎಲ್ಲವನ್ನೂ ಹೇಳಿದಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಕೈ ಚಾಚಿ ಅವಳ ಕೈಯನ್ನು ಮೆಲ್ಲಗೆ ತಟ್ಟಿದರು.

“ನನ್ನ ತಪ್ಪನ್ನ ನಿನ್ನ ಮೇಲೆ ಎಳ್ಕೊಂಡು ನೀನು ಹೀಗೇನಾದ್ರೂ ಹೇಳ್ತೀಯ ಅಂತ ಬರ್ನಿಸ್‌ಗೆ ಬೆಳಿಗ್ಗೇನೇ ಹೇಳಿದ್ದೆ.”

“ಸುಳ್ಳಲ್ಲ! ಚೀಟಿ ತೆಗೆದು ನೋಡಿ, ಮೊದಲ ಹೆಸರು ನಂದೇ.”

“ಚೀಟಿ ಮಳೆಗೆ ನೆಂದು ಹಿಟ್ಟಾಗಿದೆ, ಮಿಹಾ.”

“ಎಲ್ಲಿಟ್ಟಿದ್ದೆ ಅಂತ ಹೇಳ್ತೀನಿ. ಎಡಗಾಲಿನ ಮೊಣಕಾಲ ಹಿಂದೆ…”

“ಅದು ಆಡಿದವರಿಗೆಲ್ಲ ಗೊತ್ತು.” ಅವರು ನಕ್ಕರು, ಪ್ರೀತಿಯಿಂದಲೇ ನಕ್ಕರು. “ನಿಜ ಆಗಿದ್ರೆ ಭಾನುವಾರ ಹನ್ಸಾ ಮುಂದೇನೇ ಹೇಳ್ತಿದ್ದೆ ನೀನು. ನಾನು ತಲೆ ತಗ್ಗಿಸಿ ನಿಂತಿರೋದನ್ನ ನೋಡ್ಕೊಂಡು ಸುಮ್ಮನೆ ಕೂರೋ ಹೆಂಗಸಾ ನೀನು? ನಂಗೊತ್ತಿಲ್ವಾ ನಿನ್ನ?”

ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು. ಕೂತಿದ್ದೆನಲ್ಲ, ಕಾಫಿ ಬೇರೆ ಕೇಳಿದೆನಲ್ಲ ಎಂದು ತನ್ನೊಳಗೇ ಅಂದುಕೊಂಡಳು.

“ಇನ್ನೊಂದು ಹೇಳ್ತೀನಿ ಕೇಳು,” ಎಂದು ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಮುಖದಲ್ಲಿ ನಾಲ್ಕು ದಿನಗಳಿಂದ ಇಲ್ಲದಿದ್ದ ಗೆಲುವಿತ್ತು. “ಯೋಚನೆ ಮಾಡ್ತಾ ಮಾಡ್ತಾ ನಿನ್ನೆ ಎಲ್ಲ ನೆನಪಾಯ್ತು. ಅವತ್ತು ಗಾಳಿ ಜೋರಿತ್ತು. ಅಂಚೆಪೆಟ್ಟಿಗೆ ಕೆಳಗಿಂದ ಡಬ್ಬಿ ಉರುಳಿ ಹೋಗುತ್ತೆ ಅಂತ ನಾನೇ ತೆಗೆದೆ. ಟ್ರಕ್ಕಿಂದ ಏಣಿ ಇಳಿಸಿ ಕುದುರೆ ಕಾಲಿಗೆ ಅಂಟಿಸಿದೆ. ತಗಡು ಬಿಸಿ ಇತ್ತು, ಬೆರಳು ಚುರ್ ಅಂತು. ಕಣ್ಣಿಗೆ ಕಟ್ಟಿದ ಹಾಗಿದೆ. ನೆನಪಾಯ್ತಲ್ಲ, ಅದೇ ಒಂದು ಸಮಾಧಾನ ನಂಗೆ.”

ಎರ್ಲಿಂಡಾ ಬಾಯಿ ಮುಚ್ಚಿಕೊಂಡಿದ್ದ ನಾಲ್ಕು ದಿನಗಳಲ್ಲಿ ಆ ಜೀವ ಒಂಟಿಯಾಗಿ ಕುಳಿತು, ಮಾಡದ ತಪ್ಪನ್ನು ಏಣಿ ಸಮೇತ ನೆನಪಿನಲ್ಲಿ ಕಟ್ಟಿಕೊಂಡಿತ್ತು. ಈಗ ಅದನ್ನೇ ಸಮಾಧಾನ ಎನ್ನುತ್ತಿದೆ.

ಅವರು ಕಂಪ್ಯೂಟರನ್ನು ಅವಳ ಕಡೆಗೆ ಸರಿಸಿದರು. “ಒತ್ತು, ಮಿಹಾ.”

ಅವಳು ಅದನ್ನು ಮುಚ್ಚಿದಳು. ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು. “ಏಣಿ ಇರ್ಲಿಲ್ಲ, ದೋನ್ ಎಲಿಸೆಯೊ. ಗಾಳೀನೂ ಇರ್ಲಿಲ್ಲ. ನಾನು ಕಳ್ಳಿ ಕುಂಡದ ಅಂಚಿನ ಮೇಲೆ ಹತ್ತಿ ನಿಂತಿದ್ದೆ,” ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದಳು. ಅವಳ ಮನಸ್ಸು ನೋಯಿಸಬಾರದೆಂದು ಅವರು ಹೌದು ಹೌದು ಎಂದು ತಲೆಯಾಡಿಸುತ್ತ ಕೇಳಿದರು.