ಉಸಿರು ತೆಗೆದ ಹಾಡು

ಅಣ್ಣನ ಹಾಡುಗಳ ಆಲ್ಬಂನಲ್ಲಿದ್ದವರೆಲ್ಲ ನಮ್ಮ ಮನೆಯಲ್ಲಿ ತೀರಿಹೋದವರೇ. ಅಜ್ಜಿ ಕಥೆಯ ನಡುನಡುವೆ ಹಾಡುತ್ತಿದ್ದ ಪದಗಳಿಗೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸ್ ಸೇರಿಸಿ, ಒಬ್ಬೊಬ್ಬರಿಗೂ ಒಂದೊಂದು ಹಾಡು ಕಟ್ಟಿದ್ದ. ಕೊನೆಯದು ಅಮ್ಮನದು, ಅದನ್ನು ಅವಳೇ ಹಾಡಬೇಕಿತ್ತು. ಅವಳ ಶ್ವಾಸಕೋಶ ಆಗಲೇ ಸೋತಿತ್ತು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು.

"ಎಲ್ಲರಿಗೂ ಸತ್ತ ಮೇಲೆ ಬಾರಿಸಿದೆ, ನನಗೆ ಮಾತ್ರ ಮುಂಗಡವೇನೋ?" ಎಂದು ಅಮ್ಮ ನಕ್ಕಳು. ನಗು ಕೆಮ್ಮಿಗೆ ತಿರುಗಿತು.

ದನಿ ಗೋಡೆಗೆ ಬಡಿದು ಮರಳಬಾರದೆಂದು ಬಟ್ಟೆಬೀರು ತೆರೆದು, ತೂಗುಬಿಟ್ಟ ಕೋಟುಗಳ ನಡುವೆ ಮೈಕು ಕಟ್ಟಿ, ಅವಳನ್ನು ಎದುರಿಗೆ ಕೂರಿಸಿದೆವು. ಸತ್ತ ಅಪ್ಪನ ಕೋಟು ಅವಳ ಮೂಗಿಗೇ ತಾಗುತ್ತಿತ್ತು. ಒಂದು ಸಾಲು, ಒಂದು ಏದುಸಿರು, ಮತ್ತೊಂದು ಸಾಲು. ಮುಗಿಯುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತ್ತು.

ಮರುದಿನ ಅಣ್ಣ ಕಂಪ್ಯೂಟರಿನ ಮುಂದೆ ಕೂತು, ಕಾಳಿನಲ್ಲಿ ಕಲ್ಲು ಆರಿಸುವಂತೆ ಏದುಸಿರುಗಳನ್ನೆಲ್ಲ ಆರಿಸಿ ತೆಗೆದ. ಯಾರ ಹಾಡಿಗಾದರೂ ಅವನು ಹಾಗೇ ಮಾಡುವುದು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲ ರೆಕಾರ್ಡಿಂಗನ್ನೂ ಅಳಿಸಿಬಿಟ್ಟ.

ಅಮ್ಮ ಹೆಡ್‌ಫೋನಿನಲ್ಲಿ ಕೊನೆಯವರೆಗೂ ಕೇಳಿದಳು.

"ಹೇಗಿದೆಯಮ್ಮಾ?"

"ಯಾರೋ ಇವಳು? ಉಸಿರೇ ಆಡ್ತಿಲ್ವಲ್ಲೋ. ಬದುಕಿರೋವಾಗಲೇ ನನ್ನ ಹೆಣದ ಕೈಲಿ ಹಾಡಿಸಿದೀಯಲ್ಲ!"

ಅಣ್ಣನ ಮುಖ ಬಿಳುಚಿತು. "ಚೆನ್ನಾಗಿ ಕೇಳಿಸಲಿ ಅಂತ..."

"ಅಳಿಸಿದ್ದು ವಾಪಸ್ ಬರಲ್ವೇನಣ್ಣಾ?" ಎಂದೆ ನಾನು. ಅವನು ಇಲ್ಲವೆಂದು ತಲೆಯಾಡಿಸಿದ.

ಅಜ್ಜಿಯ ಕಥೆಗಳಲ್ಲಿ ಪ್ರಾಣವೆಂಬುದು ಏಳು ಸಮುದ್ರದಾಚೆ ಗಿಳಿಯೊಳಗಾದರೂ ಭದ್ರವಾಗಿರುತ್ತಿತ್ತು. ನಾವು ಕೈಗೆ ಸಿಕ್ಕಿದ್ದನ್ನೇ ಕಸವೆಂದು ಗುಡಿಸಿಹಾಕಿದ್ದೆವು.

"ಅಳೋದು ಆಮೇಲೆ ಇದ್ದೇ ಇದೆ, ಮೈಕ್ ಹಾಕು," ಅಂದಳು ಅಮ್ಮ. "ಹಾಡೋಕಂತೂ ಆಗಲ್ಲ. ಉಸಿರಾದ್ರೂ ತಗೋ."

ಹಾಡು ಅವಳ ಕಿವಿಗೆ ಮಾತ್ರ. ಪ್ರತಿ ಸಾಲು ಮುಗಿದಾಗಲೂ ಅವಳು ಎಳೆದುಕೊಳ್ಳುತ್ತಿದ್ದ ಉಸಿರಷ್ಟೇ ನಮಗೆ ಕೇಳುತ್ತಿತ್ತು, ಒರಟು ಹಗ್ಗ ಕಲ್ಲಿನ ಮೇಲೆ ಸರಿದಂತೆ. ಕೊನೆಯ ಸಾಲಿಗೆ ಮುಂಚೆ ಕೆಮ್ಮು ಒತ್ತರಿಸಿ ಬಂತು. ಅಣ್ಣ ಹೆಡ್‌ಫೋನು ತೆಗೆಯಹೋದ. ಅವಳು ಅವನ ಕೈ ತಳ್ಳಿ ಬಾಯಿ ತೆರೆದಳು, ಉಸಿರು ಬರಲಿಲ್ಲ.

"ಇದೊಂದು ನಾಳೆ ಕಣೋ," ಅಂದು ಮಲಗಿದಳು.

ಬೆಳಗಾಗುವುದರೊಳಗೆ ಹೋಗಿದ್ದಳು.

ಎಲ್ಲ ಮುಗಿದ ಮೇಲೆ ಅಣ್ಣ ಉಸಿರುಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲಿ ಕೂರಿಸಿದ. ಕೊನೆಯದೊಂದು ಜಾಗ ಖಾಲಿ ಉಳಿಯಿತು.

"ಮೇಲಿನ ಸಾಲಿಂದೇ ತಂದು ಅಂಟಿಸಣ್ಣಾ. ಯಾರಿಗೆ ಗೊತ್ತಾಗತ್ತೆ?"

"ನಮಗೆ ಗೊತ್ತಾಗತ್ತಲ್ಲೇ."

ಆಲ್ಬಂ ಹಾಗೆಯೇ ಹೊರಬಂತು. ಆ ಜಾಗದಲ್ಲಿ ಅವನು ಗಿಟಾರು, ಡ್ರಮ್ಸ್ ಎರಡನ್ನೂ ನಿಲ್ಲಿಸಿದ್ದಾನೆ. ಏನೂ ಕೇಳುವುದಿಲ್ಲ. ಆಮೇಲೆ ಅಮ್ಮ ಕೊನೆಯ ಸಾಲನ್ನು, ಉಸಿರು ತೆಗೆದುಕೊಳ್ಳದೆಯೇ, ಹಾಡಿ ಮುಗಿಸುತ್ತಾಳೆ.