ಕೊರೆತದ ಅನುದಾನ

"ಇನ್ನ್ ಒಂದೇ ಸಾಲ್ ಅತ್ಗೆ, ಬೇಗ ಕೊಡಿ. ಮೋಡ ಕಟ್ತಾ ಇತ್ತ್" ಎಂದು ಸೋಮ ಮನೆಯ ಮಾಡಿನ ಮೇಲಿನಿಂದ ಕೂಗಿದ.

ವನಜ ಅಂಗಳದಲ್ಲಿ ಪೇರಿಸಿಟ್ಟ ಹಂಚುಗಳನ್ನು ಎತ್ತಿ ಏಣಿಯ ಮೇಲೆ ನಿಂತಿದ್ದ ಮುತ್ತುವಿಗೆ ಕೊಡುತ್ತಿದ್ದಳು. ಮುತ್ತು ಅವನ್ನು ಗಂಡ ಸೋಮನ ಕೈಗೆ ದಾಟಿಸುತ್ತಿದ್ದಳು. ಎರಡು ದಿನದ ಹಿಂದೆ ಇವೇ ಹಂಚುಗಳನ್ನು ಇದೇ ಮೂವರು ಕೆಳಗಿಳಿಸಿದ್ದರು. ಸಮುದ್ರ ಹಿತ್ತಿಲಿನ ತೆಂಗಿನ ಮರಗಳನ್ನು ನುಂಗಿ ಅಡುಗೆಮನೆಯ ಗೋಡೆಯ ಬುಡಕ್ಕೆ ಬಂದಾಗ ಸೋಮ ಮನೆ ಬಿಚ್ಚುವುದೆಂದು ನಿರ್ಧರಿಸಿದ್ದ. ಹಂಚು, ಮರ, ಬಾಗಿಲುಗಳಾದರೂ ಉಳಿದರೆ ಬಿಜೂರಿನಲ್ಲಿ ಮುತ್ತುವಿನ ತವರಿನವರ ಜಾಗದಲ್ಲಿ ಒಂದು ಸೂರು ಮಾಡಿಕೊಳ್ಳಬಹುದು ಎಂಬುದು ಅವನ ಲೆಕ್ಕಾಚಾರ.

ಹಾಗೆ ಅರ್ಧ ಬೋಳಾಗಿದ್ದ ಮಾಡಿಗೆ ಈಗ ಮತ್ತೆ ಹಂಚು ಏರುತ್ತಿದ್ದರೆ ಅದಕ್ಕೆ ವನಜಳೇ ಕಾರಣ. ಅವಳು ಸೋಮನ ತೀರಿಹೋದ ಅಣ್ಣನ ಹೆಂಡತಿ, ಪಕ್ಕದ ಮನೆಯವಳು, ಮೇಲಾಗಿ ಆ ವಾರ್ಡಿನ ಪಂಚಾಯತ್ ಮೆಂಬರ್. ಹಿಂದಿನ ದಿನ ಉಪ್ಪುಂದದ ಪೇಟೆಯಲ್ಲಿ ಒಣಮೀನು ಮಾರುತ್ತ ಕುಳಿತಿದ್ದಾಗ ಪಂಚಾಯತಿಯ ಪಿಡಿಒ ಶ್ರೀಕರರ ಫೋನು ಬಂದಿತ್ತು. ಎದುರಿಗೆ ಗಿರಾಕಿಯ ಚೌಕಾಸಿ, ಬೆನ್ನಿಗೆ ಬಸ್ಸಿನ ಹಾರ್ನು. ಆ ಗದ್ದಲದಲ್ಲಿ ಅವಳ ಕಿವಿಗೆ ಬಿದ್ದದ್ದು ಅನುದಾನ, ಕೊರೆತ, ಆಯ್ತ್ ಎಂಬ ಮಾತುಗಳು. ಅಷ್ಟು ಸಾಕಾಯಿತು. ಬುಟ್ಟಿಯಲ್ಲಿದ್ದ ಮೀನನ್ನು ಬಂದ ಬೆಲೆಗೆ ಕೊಟ್ಟು, ಆಟೋ ಹಿಡಿದು ಬಂದು, "ಬಿಚ್ಚುದ್ ನಿಲ್ಸ್ ಸೋಮ, ಕೊರೆತದ ದುಡ್ಡ್ ಬಂತ್" ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದ್ದಳು. ಅಷ್ಟು ಖುಷಿಯಿಂದ ಅವಳು ಯಾವ ಮಾತನ್ನೂ ಹೇಳಿ ವರ್ಷಗಳಾಗಿದ್ದವು.

ಆ ಖುಷಿಗೆ ಒಂದು ಒಳಗುಟ್ಟು ಇತ್ತು. ಕಡಲ್ಕೊರೆತ ತಡೆಯುವುದಕ್ಕೆಂದು ಎರಡು ಮಳೆಗಾಲದ ಹಿಂದೆ ದಡಕ್ಕೆ ಕಲ್ಲು ಹಾಕಲು ಶುರು ಮಾಡಿದ್ದರು. ಲಾರಿ ಬರುವ ರಸ್ತೆ ವನಜಳ ಮನೆಯ ಬದಿಗಿದ್ದುದರಿಂದ ಕೆಲಸ ಅಲ್ಲಿಂದಲೇ ಶುರುವಾಯಿತು. ಅವಳ ಮನೆಯ ಉದ್ದಕ್ಕೂ ಗೋಡೆ ಎದ್ದು, ಸೋಮನ ಬೇಲಿಯ ಹತ್ತಿರ ಬರುವಷ್ಟರಲ್ಲಿ ಗುತ್ತಿಗೆದಾರ ಗುಣಪಾಲ ಬಿಲ್ಲು ಪಾಸಾಗಲಿಲ್ಲವೆಂದು ಯಂತ್ರ ಎತ್ತಿಕೊಂಡು ಬ್ರಹ್ಮಾವರಕ್ಕೆ ಹೊರಟುಹೋದ. ಗೋಡೆ ನಿಂತಿತೆಂದು ಸಮುದ್ರ ನಿಲ್ಲುತ್ತದೆಯೇ? ಕಲ್ಲಿಗೆ ಬಡಿದ ಅಲೆ ತಿರುಗಿ, ಕಲ್ಲು ಮುಗಿದ ಜಾಗವನ್ನು ಎರಡು ಪಾಲು ಸಿಟ್ಟಿನಿಂದ ಅಗೆಯತೊಡಗಿತು. ಮೊದಲು ಎರಡೂ ಹಿತ್ತಿಲುಗಳು ಸಮಸಮವಾಗಿ ಕರಗುತ್ತಿದ್ದವು. ಗೋಡೆ ಬಂದ ಮೇಲೆ ವನಜಳ ಪಾಲಿನದನ್ನೂ ಸೋಮನೇ ಕೊಡಬೇಕಾಯಿತು. ಇದು ಕೇರಿಯವರಿಗೆಲ್ಲ ಗೊತ್ತು. ಸೋಮ ಮಾತ್ರ ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಬೈದಿದ್ದರೆ ವನಜಳಿಗೆ ಎಷ್ಟೋ ಹಗುರಾಗುತ್ತಿತ್ತು.

ಕೊನೆಯ ಸಾಲು ಹಂಚು ಕೊಟ್ಟವಳೇ ಕೈಕಾಲು ತೊಳೆದು, ಕಲ್ಲಿನ ಲಾರಿ ಯಾವಾಗ ಬರುತ್ತದೆಂದು ವಿಚಾರಿಸಲು ಅವಳು ಪಂಚಾಯತಿಗೆ ಹೋದಳು.

ಶ್ರೀಕರ ಸಾಲಿಗ್ರಾಮದ ಕಡೆಯವರು, ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ.

"ಯಾವ ಲಾರಿ ವನಜಕ್ಕ?"

"ಕಲ್ಲಿನ ಲಾರಿ ಸಾರ್. ನಿನ್ನೆ ನೀವೇ ಹೇಳ್ದ್ರಿ ಅಲ್ದಾ, ಕೊರೆತದ ಅನುದಾನ ಆಯ್ತ್ ಅಂದೇಳಿ."

ಶ್ರೀಕರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೊರೆತ ಅಲ್ಲ ವನಜಕ್ಕ, ಕೊರತೆ. ಅನುದಾನ ಕೊರತೆ ಆಯ್ತ್ ಅಂದ್ ಹೇಳದ್ದ್ ನಾನ್. ದುಡ್ಡಿಲ್ಲೆ."

ವನಜಳಿಗೆ ಮೊದಲು ನಗು ಬಂತು.  ಕೊರತೆ ಎಂಬುದು ಅವಳಿಗೆ ಗೊತ್ತಿಲ್ಲದ ಶಬ್ದವೇನಲ್ಲ. ಆದರೆ ಕಡಲ ಬದಿಯಲ್ಲಿ ಹುಟ್ಟಿ, ಕಡಲ ಬದಿಗೇ ಮದುವೆಯಾಗಿ ಬಂದವಳ ಕಿವಿಗೆ ಆ ಅಕ್ಷರಗಳು ಬಿದ್ದರೆ ಕೇಳಿಸುವುದು ಕೊರೆತವೇ. ಘಟ್ಟದ ಮೇಲಿನವರಾಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

"ಅಷ್ಟ್ ದೊಡ್ಡ್ ಸರ್ಕಾರಕ್ಕೆ ಎಂತ ಕೊರತೆ ಸಾರ್?"

"ಬಪ್ಪುದಕ್ಕಿಂತ ಖರ್ಚ್ ಜಾಸ್ತಿ. ಸಾಲ ತೆಗಿತ್ರ್. ಅದ್ರಗೆ ಹಳೆ ಸಾಲದ ಬಡ್ಡಿಗೇ ಸುಮಾರ್ ಹೋತ್ತ್. ಸಂಬಳ ನಿಲ್ಸುಕಾತಿಲ್ಲೆ, ಪಿಂಚಣಿ ನಿಲ್ಸುಕಾತಿಲ್ಲೆ. ಕಲ್ಲ್ ಹಾಕುದ್ ನಿಲ್ಸುಕಾತ್ತ್." ಶ್ರೀಕರರ ದನಿಯಲ್ಲಿ ತಪ್ಪು ತನ್ನದೇ ಎಂಬಂಥ ಅಳುಕಿತ್ತು.

ಜಗಲಿಯಲ್ಲಿ ಕುಳಿತಿದ್ದ ಇಬ್ಬರು ರಾಜಕಾರಣಿಗಳಿಗೆ ಇಷ್ಟು ಸಾಕಾಯಿತು. ಗಣಪ ಬೆಂಗಳೂರಿನಲ್ಲಿ ಆಳುವವರ ಕಡೆಯವನು, ಸುಜಿತ್ ದಿಲ್ಲಿಯಲ್ಲಿ ಆಳುವವರ ಕಡೆಯವನು. ಇಬ್ಬರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವವರು, ಜಗಳಕ್ಕೆ ಮಾತ್ರ ಪಂಚಾಯತಿಗೆ ಬರುವವರು.

"ನಮ್ ಪಾಲಿನ ತೆರಿಗೆ ದಿಲ್ಲಿಯವ್ರ್ ಸರಿ ಕೊಟ್ಟಿದ್ರೆ ಕೊರತೆ ಯಾಕ್ ಆತಿತ್ತ್?" ಎಂದ ಗಣಪ. "ಮತ್ತೆ ನಿಮ್ಮವ್ರ್ ಮಾಡಿಟ್ಟ್ ಹೋದ್ ಸಾಲ ತೀರ್ಸುದ್ ಯಾರ್?"

"ಹೆಂಗ್ಸ್ರಿಗೆ ತಿಂಗ್ಳ್ ತಿಂಗ್ಳ್ ದುಡ್ಡ್ ಹಂಚ್ಕಂಡ್ ಕೂಕಂಡ್ರೆ ಕಲ್ಲಿಗೆ ಎಲ್ಲಿ ಉಳಿತ್ತ್?" ಎಂದ ಸುಜಿತ್.

ಆ ತಿಂಗಳ ದುಡ್ಡು ವನಜಳ ಖಾತೆಗೂ ಬರುತ್ತಿತ್ತು. ಅದರಲ್ಲಿ ಅವಳು ಮೊಣಕಾಲು ನೋವಿನ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಒಂದು ಕ್ಷಣ, ಸೋಮನ ಹಿತ್ತಿಲಿಗೆ ಬೀಳಬೇಕಾಗಿದ್ದ ಕಲ್ಲುಗಳನ್ನು ತಾನೇ ನುಂಗಿ ಕುಳಿತಿದ್ದೇನೆ ಎನ್ನಿಸಿತು. ಮರುಕ್ಷಣ ಹಾಗೆ ಅನ್ನಿಸಿದ್ದಕ್ಕೇ ಮೈ ಉರಿಯಿತು.

"ನಿಮ್ ಲೆಕ್ಕ ಇಬ್ರೂ ಆಮೇಲ್ ಮಾಡಿ. ನಾಳೆ ಅಮಾಸೆ. ಮಧ್ಯಾಹ್ನದ ಉಬ್ಬರಕ್ಕೆ ಆ ಮನಿ ನಿಲ್ತಿಲ್ಲೆ. ಸೋಮನಿಗೆ ನಾನ್ ಎಂತ ಹೇಳುದ್?"

ಸುಜಿತ್ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಬೀಳ್ಲಿ ವನಜಕ್ಕ. ಬಿದ್ ಮನಿಗೆ ಪರಿಹಾರ ಇತ್ತ್, ಅದ್ರ ದುಡ್ಡೇ ಬೇರೆ. ಬೀಳುದನ್ನ್ ನಾನ್ ವೀಡಿಯೋ ಮಾಡಿ ಬಿಡ್ತೆ. ಊರೆಲ್ಲ ಕಂಡ್ರೆ ತನ್ನಿಂದ್ ತಾನೇ ದುಡ್ಡ್ ಬತ್ತ್."

"ಆದ್ರೆ ಕೈಯಾರೆ ಬಿಚ್ಚುಕಾಗ" ಎಂದ ಗಣಪ. ಅಷ್ಟು ಹೊತ್ತು ಹೌದನ್ನು ಅಲ್ಲ ಎಂದವನು ಇಲ್ಲಿ ಮಾತ್ರ ಸುಜಿತನ ಜೊತೆ ಸೇರಿಕೊಂಡ. "ಬಿಚ್ಚಿದ್ ಮನಿಗೆ ಎಂತದೂ ಸಿಕ್ಕುದಿಲ್ಲೆ."

ವನಜ ಶ್ರೀಕರರ ಮುಖ ನೋಡಿದಳು. ಅವರು ಕನ್ನಡಕವನ್ನು ಒರೆಸುತ್ತ ಹೌದೆಂದು ತಲೆಯಾಡಿಸಿದರು. ಬಿದ್ದ ಮನೆಗೆ ಸರ್ಕಾರದಲ್ಲಿ ಲೆಕ್ಕವಿತ್ತು. ಬೀಳದ ಹಾಗೆ ಉಳಿಸುವುದಕ್ಕೆ ಇರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಸುಳ್ಳುಗಳನ್ನು ಜೋಡಿಸಿದಳು. ಲಾರಿ ಕೆಟ್ಟಿದೆ ಎನ್ನಬಹುದು. ಎಂಜಿನಿಯರ್ ರಜೆಯಲ್ಲಿದ್ದಾರೆ ಎನ್ನಬಹುದು. ಸೋಮ ಮಾಡಿನಿಂದ ಇಳಿದು, ಕೈಯ ಧೂಳು ಕೊಡವಿ, "ಲಾರಿಯವ್ರ್ ಯಾವತ್ತ್ ಬತ್ರಂಬ್ರ್ ಅತ್ಗೆ?" ಎಂದು ಕೇಳಿದಾಗ ಅವು ಯಾವುವೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಕೊರತೆಯ ವಿಷಯ, ತನ್ನ ಕಿವಿಯ ವಿಷಯ, ಪರಿಹಾರದ ವಿಷಯ.

ಸೋಮ ನಕ್ಕ. ಅದು ಒಳ್ಳೆಯ ನಗುವಾಗಿರಲಿಲ್ಲ. "ಅಲ್ಲಿ ಕೊರತೆ, ಇಲ್ಲಿ ಕೊರೆತ. ಎರಡೂ ನಮ್ ಹಿತ್ಲಿಗೇ ಬಂತ್ ಕಾಣಿ" ಎಂದ. ಮುತ್ತು ಏಣಿಗೆ ಒರಗಿಕೊಂಡು ನಿಂತಲ್ಲೇ ನಿಂತಳು.

"ನಾನ್ ತಪ್ಪ್ ಮಾಡ್ದೆ ಸೋಮ. ನಾನ್ ಹೇಳದಿದ್ರೆ ಇವತ್ತಿಗೆ ಬಿಚ್ಚಿ ಮುಗಿಸ್ತಿದ್ದೆ ನೀನ್."

"ಆದದ್ದ್ ಆಯ್ತ್. ಈಗ ಎಂತ ಮಾಡುದ್ ಹೇಳಿ. ರಾತ್ರಿಯೊಳಗೆ ಬಿಚ್ರೆ ಹಂಚ್, ಮರ ಉಳಿತ್ತ್. ಬಿಟ್ರೆ ಪರಿಹಾರ ಸಿಕ್ಕತ್ತ್ ಅಂತ್ರಿ. ನೀವ್ ಮೆಂಬರ್. ನೀವೇ ಹೇಳಿ."

ಈ ಮಾತಿನಲ್ಲಿ ಕುಟುಕು ಇದೆಯೇ ಎಂದು ವನಜ ಅವನ ಮುಖದಲ್ಲಿ ಹುಡುಕಿದಳು. ಇರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ. ಅಣ್ಣ ಇದ್ದಾಗ ಅಣ್ಣನನ್ನು ಕೇಳುತ್ತಿದ್ದ, ಈಗ ಅತ್ತಿಗೆಯನ್ನು ಕೇಳುತ್ತಿದ್ದಾನೆ.

"ಬರೀ ಹಂಚಿನಲ್ಲಿ ಮನಿ ಆತಿಲ್ಲೆ" ಎಂದಳು ಅವಳು. "ಬಿಡ್. ಬೀಳ್ಲಿ."



ಮರುದಿನ ಬೆಳಿಗ್ಗೆ ಪಾತ್ರೆ, ಬಟ್ಟೆ, ದೇವರ ಪಟ, ಬಲೆ ಎಲ್ಲವನ್ನೂ ವನಜಳ ಮನೆಗೆ ಸಾಗಿಸಿದರು. ಆಸಾಡಿ ಅಮಾಸೆಯಾದ್ದರಿಂದ ಕೇರಿಯ ಹೆಂಗಸರು ಹೂವು, ಹಾಲು ಹಿಡಿದು ದಡಕ್ಕೆ ಬಂದಿದ್ದರು. ಕಡಲು ಸುಮ್ಮನಿರಲಿ, ಮೇಲೆ ಬಾರದಿರಲಿ ಎಂದು ಪ್ರತಿ ವರ್ಷ ಬೇಡಿಕೊಂಡು ಹಾಲೆರೆಯುವುದು ಅವರ ರೂಢಿ. ಮುತ್ತುವೂ ಸೆರಗು ಹೊದ್ದು ನೀರಿನ ಅಂಚಿಗೆ ಹೋದಳು. ಹಾಲಿನ ಚೊಂಬು ಹಿಡಿದು ಬಹಳ ಹೊತ್ತು ನಿಂತು, ಎರೆಯದೆ ತಿರುಗಿ ಬಂದಳು.

"ಎಂತ ಅಂದೇಳಿ ಬೇಡ್ಕಂಬುದ್ ಅಕ್ಕ?" ಎಂದು ವನಜಳನ್ನು ಕೇಳಿದಳು.

ವನಜ ಚೊಂಬನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಉಬ್ಬರ ಏರಿತು. ಸೋಮ, ಮುತ್ತು, ವನಜ ಗೋಡೆಯ ಮರೆಯಲ್ಲಿದ್ದ ವನಜಳ ಜಗಲಿಯಲ್ಲಿ ಸಾಲಾಗಿ ಕುಳಿತರು. ನೆರೆಹೊರೆಯ ನಾಲ್ಕಾರು ಮಂದಿ ಅಂಗಳದಲ್ಲಿ ನಿಂತರು. ಸುಜಿತ್ ಕಲ್ಲಿನ ಮೇಲೆ ಹತ್ತಿ ಮೊಬೈಲ್ ಹಿಡಿದಿದ್ದ. ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ಒಂದೊಂದು ಅಲೆ ಎದ್ದಾಗಲೂ ಅವನ ಕೈ ಮೇಲೇಳುತ್ತಿತ್ತು, ಅಲೆ ಮಗುಚಿದಾಗ ಇಳಿಯುತ್ತಿತ್ತು.

 ಕುಳಿತವರ ಕುತ್ತಿಗೆಗಳು ಅಲೆಯ ಜೊತೆ ಮುಂದೆ ಬಾಗುತ್ತಿದ್ದವು. ಒಂದು ಅಲೆ ಅಡುಗೆಮನೆಯ ಬುಡದ ಮಣ್ಣನ್ನು ಎಳೆದುಕೊಂಡು ಹೋಯಿತು. ಇನ್ನೊಂದು ಬಚ್ಚಲ ಕಲ್ಲನ್ನು ಉರುಳಿಸಿತು. ಸೋಮ ಬೀಡಿ ಹಚ್ಚಿದವನು ಎಳೆಯಲು ಮರೆತಿದ್ದ. ಆಮೇಲೆ ದೂರದಲ್ಲಿ ಒಂದು ದೊಡ್ಡದು ಎದ್ದಿತು. ಅದರ ನೋಟದಲ್ಲೇ ಎಲ್ಲರಿಗೂ ಗೊತ್ತಾಯಿತು, ಇದೇ ಎಂದು. ಅದು ಕಲ್ಲಿಗೆ ಬಡಿದು, ತಿರುಗಿ, ಮನೆಯ ಸುತ್ತ ಎದೆಯೆತ್ತರ ನುಗ್ಗಿತು. ಮಾಡು ಗಡಗಡ ಎಂದಿತು. ಎರಡು ಹಂಚು ಜಾರಿ ಬಿದ್ದವು. ನೊರೆ ಎದುರಿನ ಹೊಸ್ತಿಲಿನವರೆಗೂ ಹರಿದು ಬಂದು, ಅಲ್ಲಿ ತುಸು ನಿಂತು, ಬಂದ ದಾರಿಯಲ್ಲೇ ಹಿಂದೆ ಹೋಯಿತು. ಮನೆ ನಿಂತೇ ಇತ್ತು.

"ಛೆ!"

ಯಾರ ಬಾಯಿಂದ ಆ ಮಾತು ಬಂತೆಂದು ವನಜ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸೋಮ ಮೊದಲು ಕಣ್ಣು ತಗ್ಗಿಸಿದ.

ಮುತ್ತು ಎದ್ದು ಜಗಲಿಯ ಮೂಲೆಯಲ್ಲಿದ್ದ ಕಸ ಗುಡಿಸುವ ಹಿಡಿಯನ್ನು ತೆಗೆದುಕೊಂಡು ಅಂಗಳ ದಾಟಿ ತನ್ನ ಮನೆಯತ್ತ ನಡೆದಳು. ಹೊಸ್ತಿಲಿನ ಮೇಲೆ ಅಲೆ ಬಿಟ್ಟುಹೋದ ಮರಳನ್ನು ಬಗ್ಗಿ ಗುಡಿಸತೊಡಗಿದಳು.

"ಹ್ವಾಯ್ ಮುತ್ತಕ್ಕ, ಆಚೆ ಬನ್ನಿ! ವೀಡಿಯೋದಗೆ ನೀವ್ ಕಾಂತ್ರಿ" ಎಂದು ಸುಜಿತ್ ಕಲ್ಲಿನ ಮೇಲಿನಿಂದ ಕೂಗಿದ.

ಅವಳು ತಲೆ ಎತ್ತಲಿಲ್ಲ. ಹೊಸ್ತಿಲು ಮುಗಿಸಿ, ಒದ್ದೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಒಳಗಿನ ಕೋಣೆಯನ್ನು ಗುಡಿಸಲು ಹೋದಳು.